ನಿಂತ ಮದುವೆಯ ಚೀಲ

ನಾನು ಒಂದು ತಾಂಬೂಲದ ಚೀಲ. ಮದುವೆ ಮುಗಿಸಿ ಹೊರಡುವವರ ಕೈಗೆ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಹಾಕಿ ಕೊಡುತ್ತಾರಲ್ಲ, ಆ ಜಾತಿ. ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾರ ಮೇಲೂ ಬೇಗ ನಂಬಿಕೆ ಬರುವುದಿಲ್ಲ. ಅದಕ್ಕೆ ಕಾರಣವೂ ಇದೆ.

ಹುಟ್ಟಿದ್ದು ಮೈಸೂರಿನ ಒಂದು ಗಲ್ಲಿಯಲ್ಲಿ. ಹಳದಿ ಬಟ್ಟೆ, ಎರಡು ಹಿಡಿ, ಎದೆಯ ಮೇಲೆ ಕೆಂಪು ಅಕ್ಷರ: ‘ಚಿ॥ಸೌ॥ ಶಿವರಂಜಿನಿ, ಚಿ॥ರಾ॥ ಪ್ರಭುಸ್ವಾಮಿ, ಶುಭವಿವಾಹ’. ಒಡಹುಟ್ಟಿದವರ ಜೊತೆ ಕಟ್ಟು ಕಟ್ಟಿಸಿಕೊಂಡು ನಂಜನಗೂಡಿನಲ್ಲಿ ಹೆಣ್ಣಿನ ಮನೆಯ ಅಟ್ಟ ಸೇರಿದೆ. ಕಾಯಿ ಬರುತ್ತದೆಂದು ಕಾದೆವು. ಬರಲಿಲ್ಲ. ಗಂಡಿನ ಕಡೆಯವರು ಜಾತಕವನ್ನು ಇನ್ನೊಮ್ಮೆ ತೋರಿಸಿದರಂತೆ, ಕೂಡಿಬರಲಿಲ್ಲವಂತೆ. ಛತ್ರ ಗೊತ್ತುಮಾಡುವವರೆಗೆ ಕೂಡಿಬಂದು ಆಮೇಲೆ ಕೂಡಿಬರದ ಆ ಜಾತಕದ ಮೇಲೆ ನನಗೆ ಅಂದೂ ಅನುಮಾನ, ಇಂದೂ ಅನುಮಾನ.

ಹುಡುಗಿಯ ತಾಯಿ ನಮ್ಮನ್ನೆಲ್ಲ ಕೆಳಗಿಳಿಸಿ ಒಳಮೈ ಹೊರಗೆ ಮಾಡಿದರು. ಹೆಸರುಗಳು ಒಳಗೆ ಹೋದವು. “ಬಟ್ಟೆ ಗಟ್ಟಿಗದೆ, ಬಿಸಾಕದ್ಯಾಕೆ” ಎಂದರು. ಒಬ್ಬ ರಾಗಿಹಿಟ್ಟಿಗೆ ಹೋದ, ಒಬ್ಬ ಈರುಳ್ಳಿಗೆ. ನನ್ನನ್ನು ಶಿವರಂಜಿನಿಯೇ ಬುತ್ತಿಗೆಂದು ಇಟ್ಟುಕೊಂಡಳು. ಗಂಡಸರ ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ. ಅಂಗಿ, ಪ್ಯಾಂಟಿನ ಅಳತೆಯನ್ನು ಕಾಗದದ ಮೇಲೆ ಬರೆದು ಕತ್ತರಿಸಿ ಕೊಡುವುದು. ದಿನಾ ಬೆಳಿಗ್ಗೆ ನನ್ನ ಅಂಚು ಮಡಚಿ, ಒಂದಕ್ಷರವೂ ಇಣುಕದಂತೆ ನೋಡಿಕೊಂಡೇ ಹೊರಡುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಓದಿ ‘ಅಯ್ಯೋ ಪಾಪ’ ಎಂದುಬಿಟ್ಟಾರೆಂಬ ಭಯ. ಅಷ್ಟು ಭಯವಿದ್ದವಳು ನನ್ನನ್ನು ಒಲೆಗೆ ಹಾಕಬಹುದಿತ್ತಲ್ಲ. ಆ ಪ್ರಭುಸ್ವಾಮಿ ವಾಪಸು ಬರುತ್ತಾನೆಂದು ಕಾಯುತ್ತಿದ್ದಾಳೋ ಏನೋ ಎಂದು ನನಗೆ ಗುಮಾನಿ.

ಹೀಗಿರುವಾಗ ಫ್ಯಾಕ್ಟರಿಯವರು ಅವಳನ್ನೂ ಕಟಿಂಗ್ ಮಾಸ್ಟರ್ ಪುಟ್ಟಮಾದಪ್ಪನವರನ್ನೂ ಟೋಕಿಯೊಗೆ ಕಳಿಸಿದರು. ಅಲ್ಲಿನ ಗಂಡಸರು ಬೀದಿಯಲ್ಲಿ ಏನು ತೊಡುತ್ತಾರೆ ಎಂದು ನೋಡಿಕೊಂಡು ಬರಬೇಕಿತ್ತು. ಚಕ್ಕುಲಿ, ಚಟ್ನಿಪುಡಿ ತುಂಬಿಕೊಂಡು ನಾನೂ ಹೊರಟೆ.

ಆ ಊರಿನ ಗಂಡಸರ ಮೇಲೆ ಮೊದಲ ದಿನವೇ ನನಗೆ ಸಂಶಯ ಬಂತು. ನಾನು ತೂಗಾಡುವುದು ಮೊಣಕಾಲಿನ ಮಟ್ಟದಲ್ಲಿ, ಹಾಗಾಗಿ ಕಣ್ಣಿಗೆ ಬಿದ್ದದ್ದು ಪ್ಯಾಂಟುಗಳೇ. ಒಂದೊಂದು ಕಾಲಿನೊಳಗೆ ಇಬ್ಬರು ನುಗ್ಗಬಹುದು. ಅಷ್ಟು ಅಗಲದಲ್ಲಿ ಇವರು ಏನು ಬಚ್ಚಿಟ್ಟಿರಬಹುದು? ಅಂಗಿಯ ಮೇಲೆ ಅಂಗಿ, ಒಳಗಿನದು ಉದ್ದ, ಹೊರಗಿನದು ಗಿಡ್ಡ. ಕಾಲುಚೀಲದ ಮೇಲೆ ಚಪ್ಪಲಿ. ಹೊಸ ಜೀನ್ಸಿಗೆ ಕೈಯಾರೆ ಹಾಕಿದ ತೇಪೆ. ಎದೆಗೆ ಅಡ್ಡವಾಗಿ ಅಂಗೈಯಗಲದ ಚೀಲ, ಅದರಲ್ಲಿ ಒಂದು ತೆಂಗಿನಕಾಯಿಯೂ ಹಿಡಿಯದು. ಒಬ್ಬನ ಬೆನ್ನಿನ ಮೇಲಿದ್ದ ಇಂಗ್ಲಿಷನ್ನು ರಂಜಿನಿ ಮಾಸ್ಟರಿಗೆ ಕನ್ನಡದಲ್ಲಿ ಓದಿ ಹೇಳಿದಳು: ‘ಸಂತೋಷದ ಆಲೂಗಡ್ಡೆ ಇಲಾಖೆ’. ತೊಟ್ಟವನಿಗೆ ಅರ್ಥ ಗೊತ್ತಿದ್ದಂತಿರಲಿಲ್ಲ. ಬೇರೆ ಯಾರೂ ಓದುತ್ತಲೂ ಇರಲಿಲ್ಲ.

“ಅಳ್ತೆನೇ ತಗೀದೆ ಹೊಲ್ದವ್ರಾ ಕವ್ವ?” ಎಂದರು ಮಾಸ್ಟರ್. “ನಾನಿಂಗೆ ಕಟ್ ಮಾಡುದ್ರೆ ಮನ್ಗೆ ಕಳುಸ್ಬುಡ್ತಾರೆ.”

“ಭುಜ ನೋಡಿ ಮಾಸ್ಟ್ರೇ. ಹೊಲ್ಗೆ ತೋಳಿನ್ ಮೇಲೆ ಬಿದ್ದದೆ. ಬೇಕು ಅಂತ್ಲೇ ಮಾಡವ್ರೆ.”

ಮಾಸ್ಟರ್ ನಂಬಲಿಲ್ಲ. ನಾನೂ ನಂಬಲಿಲ್ಲ.

ಹಳೆಬಟ್ಟೆ ಅಂಗಡಿಗಳ ಓಣಿಯೊಂದರಲ್ಲಿ ಒಬ್ಬ ತರುಣ ಬಾಗಿಲಲ್ಲಿ ನಿಂತಿದ್ದ. ಅವನ ಕೋಟು ಒಳಮೈ ಹೊರಗಾಗಿತ್ತು. ಹೊಲಿಗೆ, ದಾರದ ತುದಿ, ಅಸ್ತರು, ಎಲ್ಲ ಬೀದಿಗೆ ಕಾಣುತ್ತಿದ್ದವು. ಇವನೂ ಒಳಗೆ ಯಾರದೋ ಹೆಸರು ಮುಚ್ಚಿಟ್ಟಿದ್ದಾನೆ ಎಂದುಕೊಂಡೆ. ಅವನು ನನ್ನನ್ನೇ ನೋಡುತ್ತ ಬಂದು, ಫೋನಿಗೆ ಏನೋ ಹೇಳಿ, ಅದನ್ನು ನಮ್ಮ ಕಡೆ ಹಿಡಿದ. ಫೋನು ಕನ್ನಡ ಮಾತಾಡಿತು:

“ಮಾನ್ಯರೇ, ನನ್ನ ನಾಮಧೇಯ ಸೋಮಾ. ತಮ್ಮ ಚೀಲದ ಒಳಹೊಲಿಗೆಯು ಹೊರಗಿರುವುದು ಅತ್ಯಂತ ಸೊಗಸಾಗಿದೆ. ನೋಡಬಹುದೇ?”

“ಸೋಮ ಅಂತೆ, ನಮ್ಮೂರ್ ಹೆಸ್ರು” ಎಂದರು ಮಾಸ್ಟರ್. “ಏನೋ ಮರ್ಮ ಅದೆ. ಚೀಲ ಕೊಡ್ಬ್ಯಾಡ.”

ರಂಜಿನಿಯ ಕಣ್ಣು ಅವನ ಕೋಟಿನ ಹೊಲಿಗೆಯ ಮೇಲಿತ್ತು. ಅದೇ ಗುಂಗಿನಲ್ಲಿ ನನ್ನನ್ನು ಕೊಟ್ಟುಬಿಟ್ಟಳು. ಸೋಮಾ ಎರಡೂ ಕೈಯಲ್ಲಿ ಹಿಡಿದು ಹೊಲಿಗೆ ಸವರಿದ. ಚಕ್ಕುಲಿ ಪೊಟ್ಟಣವನ್ನು ಜೋಪಾನವಾಗಿ ಹೊರಗಿಟ್ಟ. ನೋಡನೋಡುತ್ತಿದ್ದಂತೆ ನನ್ನನ್ನು ಮಗುಚಿದ. ಕೆಂಪು ಅಕ್ಷರಗಳು ಮೊದಲ ಸಲ ಬೀದಿ ಕಂಡವು. ರಂಜಿನಿಯ ಮುಖ ಬಿಳಿಚಿಕೊಂಡಿತು.

“ಈ ಬರಹದ ಅರ್ಥವೇನು?” ಎಂದಿತು ಫೋನು.

ಮಾಸ್ಟರ್ ಓದಿಕೊಂಡರು, ನೆಲ ನೋಡಿದರು. “ಅದಾ, ಅಕ್ಕಿ ಮಿಲ್ಲಿನ್ ಹೆಸ್ರು ಕನಪ್ಪ” ಎಂದರು.

ರಂಜಿನಿ ಅವನ ಕೈಯ ಹತ್ತಿರಕ್ಕೆ ಬಾಗಿದಳು. ಆಮೇಲೆ ಫೋನಿಗೆ ತಿಳಿಯಲೆಂದು ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: “ಇದು ನನ್ನ ಮದುವೆಯ ಚೀಲ. ಮದುವೆ ನಿಂತಿತು.”

ಆ ಮಾತನ್ನು ಅವಳು ತನ್ನ ಬಾಯಿಂದ ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಊರವರೇ ಹೇಳುತ್ತಿದ್ದರು. ಫೋನು ಅದನ್ನು ಜಪಾನಿ ಭಾಷೆಗೆ ತಿರುಗಿಸಿತು. ಸೋಮಾನ ಮುಖ ಅರಳಿತು. ಅವನು ನಡು ಬಗ್ಗಿಸಿ ನಮಸ್ಕರಿಸಿ ಏನೋ ಹೇಳಿದ.

“ತಮ್ಮ ವಿವಾಹವು ಸ್ಥಿರವಾಗಿ ನಿಂತಿರುವುದಕ್ಕೆ ಹಾರ್ದಿಕ ಅಭಿನಂದನೆಗಳು” ಎಂದಿತು ಫೋನು.

ರಂಜಿನಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳುತ್ತಿದ್ದಾಳೆಂದು ನನ್ನ ಅನುಮಾನ. ಇಲ್ಲ, ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. “ನಿಂತದೆ ಅಂತೆ ಮಾಸ್ಟ್ರೇ” ಎಂದಳು. “ಬಿದ್ದೋಗಿಲ್ವಂತೆ.” ಮಾಸ್ಟರ್ ನಗಬಹುದೋ ಬಾರದೋ ತಿಳಿಯದೆ ಚಕ್ಕುಲಿ ಬಿಚ್ಚಿ ಸೋಮಾನ ಕೈಗೆ ಎರಡು ಕೊಟ್ಟರು.

ಸೋಮಾ ತನ್ನ ಕೋಟು ಬಿಚ್ಚಿ, ಚೀಲಕ್ಕೆ ಬದಲು ಇದನ್ನು ಇಟ್ಟುಕೊಳ್ಳಿ ಎಂದ. ನನಗೆ ಜೀವ ಬಾಯಿಗೆ ಬಂತು. ರಂಜಿನಿ ಬೇಡವೆಂದು ತಲೆಯಾಡಿಸಿ ನನ್ನನ್ನು ಎಳೆದುಕೊಂಡಳು.

“ಕೋಟು ಒಳ್ಳೇದು ಕವ್ವ, ಈ ಹಾಳ್ ಚೀಲ ಯಾಕೆ?” ಎಂದರು ಮಾಸ್ಟರ್.

“ನನ್ ಹೆಸ್ರದೆ ಅದ್ರಲ್ಲಿ” ಎಂದಳು.

ಪ್ರಭುಸ್ವಾಮಿಯ ಬಗ್ಗೆ ನನಗಿದ್ದ ಗುಮಾನಿ ಅಲ್ಲಿಗೆ ತೀರಿತು. ಅವಳು ಕೋಟಿನ ಫೋಟೊ ತೆಗೆದುಕೊಂಡಳು, ನನ್ನನ್ನು ಮತ್ತೆ ಮಗುಚಲಿಲ್ಲ. ಬೆಂಗಳೂರಲ್ಲಿ ಇಳಿದಾಗ ಮಾಸ್ಟರ್ ಮೆಲ್ಲಗೆ, “ಇಲ್ಲಿ ಜನ ಓದ್ತಾರೆ ಕವ್ವ” ಎಂದರು. “ಓದ್ಲಿ ಬುಡಿ” ಎಂದಳು.

ಈಗ ನನಗೆ ವಯಸ್ಸಾಗಿದೆ. ಒಂದು ಹಿಡಿ ಕಿತ್ತು, ಮತ್ತೆ ಹೊಲಿಸಿಕೊಂಡಿದ್ದೇನೆ. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದು, ಬರುವ ಹೋಗುವ ಕೈಗಳನ್ನೆಲ್ಲ ಅನುಮಾನದಿಂದ ನೋಡುತ್ತಿರುತ್ತೇನೆ. ಆದರೆ ಮಾಸ್ಟರ ಮಗಳ ಮದುವೆಯ ದಿನವನ್ನು ಮಾತ್ರ ಹೇಳಲೇಬೇಕು.

ಹೊರಡುವಾಗ ಛತ್ರದ ಬಾಗಿಲಲ್ಲಿ ಮಾಸ್ಟರ ಅಕ್ಕ ತಾಂಬೂಲ ಕೊಡುತ್ತಿದ್ದರು. “ಚೀಲ ತಂದಿವ್ನಿ ಅತ್ತೆ” ಎಂದು ರಂಜಿನಿ ನನ್ನ ಬಾಯಿ ಅಗಲಿಸಿ ಹಿಡಿದಳು. ಅವರು ಕಾಯಿ ಎತ್ತಿಕೊಂಡರು, ನನ್ನ ಎದೆಯ ಮೇಲಿನ ಹೆಸರು ಓದಿದರು, ಕೈ ಅಲ್ಲೇ ನಿಂತಿತು. “ನಿಂತೋದ್ ಮದ್ವೆ ಚೀಲ ಅಲ್ವಾ ಇದು? ಶುಭಕಾರ್ಯದಲ್ಲಿ ಇದ್ಕೆ ಹೆಂಗವ್ವ ಹಾಕದು?” ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿದರು. ರಂಜಿನಿ ನನ್ನ ಬಾಯಿ ಮುಚ್ಚಲಿಲ್ಲ. ಹಿಡಿಗಳನ್ನು ಇನ್ನಷ್ಟು ಅಗಲಿಸಿದಳು.

ಮಾಸ್ಟರ್ ರೇಷ್ಮೆ ಪಂಚೆ ಎತ್ತಿಕೊಂಡು ಬಂದರು. ಅಕ್ಕನ ಕೈಯಿಂದ ಕಾಯಿ ತೆಗೆದುಕೊಂಡು, “ನಿಂತೋಗಿಲ್ಲ ಕನಕ್ಕ, ನಿಂತದೆ” ಎಂದು ನನ್ನೊಳಗೆ ಇಟ್ಟರು. ಮೇಲೆ ಎಲೆ, ಅಡಿಕೆಯನ್ನೂ ಅವರೇ ಹಾಕಿದರು.

ಹುಟ್ಟಿದಾಗಿನಿಂದ ಕಾದ ಭಾರ ಅದು. ಆದರೂ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ, ಕಾಯಿ ಒಣಗಿರಬಹುದೆಂದು ಕಿವಿಗೊಟ್ಟೆ. ರಂಜಿನಿ ಮೆಟ್ಟಿಲಿಳಿಯುವಾಗ ಒಳಗೆ ನೀರು ಅಲುಗಿತು.