ಫಕೀರಪ್ಪನ ಹಿಮ್ಮಡಿ

ಅಂಬಾರಾಯ ಹೆಣದ ಎದೆ, ಹೊಟ್ಟೆಗಳ ಮೇಲೆ ತಂಬಿಗೆಯಿಂದ ನೀರು ಹೊಯ್ಯುತ್ತ ಬಂದವನು ಮೊಣಕಾಲಿನ ಹತ್ತಿರ ನಿಂತುಬಿಟ್ಟ. ಬಲಗಾಲು ಅಲ್ಲಿಗೇ ಮುಗಿದಿತ್ತು.

"ಹೊಯ್ಯಪಾ, ಯಾಕ ನಿಂತಿ?" ಎಂದ ಬಿಂದುಮಾಧವ. ಕ್ಯಾಂಪ್ ಪೇಟೆಯ ಬೂಟಿನಂಗಡಿಯಲ್ಲಿ ಅವನೂ ಅಂಬಾರಾಯನೂ ಜೊತೆಗೆ ಕೆಲಸಕ್ಕಿದ್ದವರು. "ನಮಗೆಲ್ಲ ಕೆಲಸ ಕಲಿಸಿದವರು ಫಕೀರಪ್ಪ ಕಾಕಾ. ಆದ್ರ ನಿನ್ನಷ್ಟು ಚಂದ ಯಾರೂ ಕಲೀಲಿಲ್ಲ. ನಿನ್ನ ಕೈನೀರು ಬೀಳಬೇಕು ಅವರಿಗೆ."

ಖಡಕಿಯಲ್ಲಿ ಫಕೀರಪ್ಪನ ಮನೆಯಿದ್ದ ಚಾಳಿನ ಮುಂದೆ ನೆರೆದಿದ್ದ ಅಂಗಡಿಯವರೆಲ್ಲ ಹೌದೌದೆಂದು ತಲೆಯಾಡಿಸಿದರು. ಅಂಬಾರಾಯ ಕಣ್ಣು ಮುಚ್ಚಿಕೊಂಡೇ ಉಳಿದ ನೀರನ್ನು ಸುರಿದ.

*

ಆರು ವರ್ಷದ ಹಿಂದೆ, ಎಪ್ಪತ್ತೆಂಟರಲ್ಲಿ, ಅವನು ಕಟ್ಟಡದ ಕೂಲಿ ಬಿಟ್ಟು ಆ ಅಂಗಡಿಗೆ ಬಂದಿದ್ದ. ವಾರದೊಳಗೆ ಕಲಿತರೆ ಕೆಲಸ, ಇಲ್ಲದಿದ್ದರೆ ಮತ್ತೆ ಸಿಮೆಂಟಿನ ಬುಟ್ಟಿ. ಕಂಡವರ ಕಾಲು ಮುಟ್ಟುವುದೆಂದರೆ ಅವನಿಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಫಕೀರಪ್ಪ ಮೊದಲ ದಿನ ಅವನನ್ನೇ ಗಿರಾಕಿಯ ಕುರ್ಚಿಯಲ್ಲಿ ಕೂಡಿಸಿ, ತಾನು ನೆಲಕ್ಕೆ ಮಂಡಿಯೂರಿ, ಸಿಮೆಂಟಿಗೆ ಬಿರಿದ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡ. ಅಪ್ಪನ ವಯಸ್ಸಿನವನು. ಅಂಬಾರಾಯ ಕಾಲು ಎಳೆದುಕೊಳ್ಳಲು ನೋಡಿದ.

"ಗಿರಾಕಿಗೂ ಹಿಂಗೇ ನಾಚಿಕಿ ಬರತದ, ತಿಳೀತಿಲ್ಲೊ?" ಫಕೀರಪ್ಪ ಪಾದ ಬಿಡಲಿಲ್ಲ. "ಸಾಕ್ಸಿಗೆ ತೂತು ಇದ್ರ ನಿನಗ ಕಂಡಿಲ್ಲ. ವಾಸನಿ ಬಂದ್ರ ನಿನಗ ನೆಗಡಿ ಆಗ್ಯದ. ಅಷ್ಟೇ."

ಮರುದಿನದಿಂದ ಕುರ್ಚಿಯಲ್ಲಿ ಫಕೀರಪ್ಪ, ನೆಲದ ಮೇಲೆ ಅಂಬಾರಾಯ. ಕಣ್ಣಳತೆಯಲ್ಲೇ ನಂಬರು ಹೇಳುವುದು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿಯುವುದು, ಲೇಸು ಬಿಗಿಯುವಾಗ ಗಿರಾಕಿಯ ಮುಖ ನೋಡುವುದು. ದಿನಕ್ಕೆ ಇಪ್ಪತ್ತು, ಮೂವತ್ತು ಸಲ ಆ ಹಿರಿಯ ಬೇಸರವಿಲ್ಲದೆ ತನ್ನ ಕಾಲನ್ನು ಕೊಟ್ಟ.

ವಾರದ ಕೊನೆಗೆ ಪರೀಕ್ಷೆ ಮಾಡಲು ಮಾಲಕರು ಬಂದು ಎದುರಿಗೇ ನಿಂತರು. ಬೂಟು ಬಿಗಿಯಾಗಿತ್ತು. ಅಂಬಾರಾಯ ಗಾಬರಿಯಲ್ಲಿ ಬೂಟು ಏರಿಸುವ ತಗಡಿನ ಪಟ್ಟಿಯನ್ನು ಫಕೀರಪ್ಪನ ಹಿಮ್ಮಡಿಯ ಹಿಂದೆ ತೂರಿಸಿ ಜೋರಾಗಿ ಒತ್ತಿದ. ಪಾದವೇನೋ ಒಳಗಿಳಿಯಿತು. ಪಟ್ಟಿ ಎಳೆದರೆ ಅಂಚಿಗೆ ರಕ್ತ. ಹೆದರಿ ತಲೆಯೆತ್ತಿದ. ಫಕೀರಪ್ಪ ನಗುತ್ತಲೇ ಕೂತಿದ್ದ. ಸಕ್ಕರೆ ಬೇನೆಯಿಂದ ಅವನ ಪಾದಗಳು ನೋವೂ ತಿಳಿಯದಷ್ಟು ಜಡವಾಗಿದ್ದದ್ದು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಹೆಂಗ್ರಿ ಮಾಲಕರ? ನಾಳಿಂದ ಗಿರಾಕಿ ಮುಂದ ಕೂಡಸ್ರಿ ಇವನ್ನ."

ಅಂಬಾರಾಯ ಪಟ್ಟಿಯನ್ನು ಅಂಗಿಯ ತುದಿಗೆ ಒರೆಸಿಕೊಂಡ. ಹೇಳಲು ಬಾಯಿ ತೆರೆದಿದ್ದ; ಮಾಲಕರು ಆಗಲೇ ಪಗಾರದ ಮಾತು ತೆಗೆದಿದ್ದರು. ತಿಂಗಳೊಳಗೆ ಗಾಯ ಕೊಳೆತು, ದವಾಖಾನೆಯಲ್ಲಿ ಕಾಲು ತೆಗೆದರು. ಆಮೇಲೆ ಫಕೀರಪ್ಪನಿಗೆ ಮನೆಯೇ ಗತಿಯಾಯಿತು. ಹೊಸಬರಿಗೆ ಕಲಿಸುವ ಕೆಲಸ ಅಂಬಾರಾಯನ ಪಾಲಿಗೆ ಬಂತು. ದೀಪಾವಳಿಗೊಮ್ಮೆ ಹಣ್ಣು ಹಿಡಿದು ಬರುತ್ತಿದ್ದ. ಚಹಾ ಆರುವ ಮೊದಲೇ ಎದ್ದುಬಿಡುತ್ತಿದ್ದ.

*

ಫಕೀರಪ್ಪನ ಹೆಂಡತಿ ರಂಗೂಬಾಯಿ ಒಳಗೆ ಟ್ರಂಕಿನಿಂದ ಹೊಸ ಧೋತರ ತೆಗೆಯುತ್ತಿದ್ದಳು. ಅಂಬಾರಾಯ ಒದ್ದೆ ಕೈಯಲ್ಲೇ ಹೋಗಿ ಅವಳ ಮುಂದೆ ಕೂತ.

"ಕಾಕೂ, ಕಾಕಾನ ಹಿಮ್ಮಡಿ ಗಾಯ ನಾ ಮಾಡಿದ್ದು. ಅಂಗಡ್ಯಾಗ, ಬೂಟು ಹಾಕಾಗ. ರಕ್ತ ನೋಡೀನಿ. ನೋಡಿ ಸುಮ್ಮನಾದೆ."

ಧೋತರದ ಮಡಿಕೆ ಬಿಚ್ಚುತ್ತಿದ್ದ ಕೈ ನಿಂತಿತು.

"ಬಾಗಿಲ ಮುಂದಿನ ಕಲ್ಲಿಗೆ ಎಡವಿದೆ ಅಂದ್ರಲ್ಲೊ ನನಗ!" ಎಂದಳು ರಂಗೂಬಾಯಿ. "ಡಾಕ್ಟರಿಗೂ ಹಂಗೇ ಹೇಳಿದ್ರು. ಕಾಲು ತೆಗದ ದಿನ ನಾ ಕಬ್ಬಿಣದ ಹಾರಿ ತಗೊಂಡು ಆ ಕಲ್ಲು ಕಿತ್ತು ಒಗದೆ."

ಅಂಬಾರಾಯ ಬಾಗಿಲ ಕಡೆ ನೋಡಿದ.

"ಎಡವಿದ್ರ ಬೆರಳಿಗೆ ಬಡೀತದ," ಅವಳ ದನಿ ಇಳಿಯಿತು. "ಹಿಮ್ಮಡಿಗೆ ಹೆಂಗ ಆತು ಅಂತ ನಾನೂ ಒಂದಿನ ಕೇಳಲಿಲ್ಲ ನೋಡು."

"ಬೈರಿ ಕಾಕೂ. ಏನರೆ ಅನ್ರಿ."

"ಇವತ್ತ ನನ್ನ ಕೈಲೆ ಆಗಂಗಿಲ್ಲ. ಹೋಗು, ಹೆಗಲು ಕೊಡು."

ಹೊರಗಿನಿಂದ ಯಾರೋ, "ಚಲಾ, ಉಶೀರ್ ಹೋತೋಯ್" ಎಂದು ಮರಾಠಿಯಲ್ಲಿ ಅವಸರಪಡಿಸಿದರು.

ಹೊಸ್ತಿಲಾಚೆ, ಕಲ್ಲು ಕಿತ್ತ ಜಾಗದ ತಗ್ಗು ಇನ್ನೂ ಹಾಗೇ ಇತ್ತು. ಅದರಲ್ಲಿ ಕೆಸರು ನಿಂತು, ಸಿದಿಗೆ ಹೊರಲು ಬಂದವರು ಸುತ್ತು ಬಳಸಿ ಕಾಲಿಡುತ್ತಿದ್ದರು. ಅಂಬಾರಾಯ ಚಪ್ಪಲಿ ಮೆಟ್ಟದ ಪಾದವನ್ನು ಆ ಕೆಸರಿನೊಳಗೇ ಊರಿ, ಬಗ್ಗಿ, ಸಿದಿಗೆಯ ಬಿದಿರನ್ನು ಹೆಗಲಿಗೇರಿಸಿಕೊಂಡ.