ಹೆಂಗಸರ ಡಬ್ಬಿ

ನನ್ನ ಗಂಡನಿಗೆ ರೈಲಿನ ಹುಚ್ಚು ಹಿಡಿದದ್ದು ಐವತ್ತು ದಾಟಿದ ಮೇಲೆ. ನಮ್ಮ ಬನಹಟ್ಟಿಗೆ ರೈಲೇ ಇಲ್ಲ. ಆದರೂ ಮಗ್ಗದ ಕೋಣೆ ಬಿಟ್ಟು ಉಳಿದ ಮನೆಯನ್ನೆಲ್ಲ ಇವರ ಗೇಣುದ್ದದ ಡಬ್ಬಿಗಳು ನುಂಗಿ ಕೂತಿವೆ. ಹುಬ್ಬಳ್ಳಿಯಿಂದ ಬಾಗಲಕೋಟೆಗೆ ಹಿಂದೆ ಓಡುತ್ತಿದ್ದ ಮೀಟರ್ ಗೇಜ್ ಪ್ಯಾಸೆಂಜರ್ ಗಾಡಿಯ ತದ್ರೂಪು ಮಾಡುತ್ತಾರಂತೆ. ಬರೀ ಚೆಂದ ಕಂಡರೆ ಸಾಲದು, ಯಾವ ಡಬ್ಬಿಯ ಹಿಂದೆ ಯಾವ ಡಬ್ಬಿ ಇತ್ತೋ ಹಾಗೆಯೇ ಇರಬೇಕು. ಅದಕ್ಕಾಗಿ ಹಳೇ ಗಾರ್ಡುಗಳಿಗೆಲ್ಲ ಫೋನು ಮಾಡಿ ಅವರ ಮಧ್ಯಾಹ್ನದ ನಿದ್ದೆ ಕೆಡಿಸುತ್ತಾರೆ.

ಅಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇವರು ತಾಯಿಯನ್ನೂ ಕೇಳತೊಡಗಿದರು.

ನನ್ನ ಅತ್ತೆ ಶಿವಗಂಗವ್ವ ಅದೇ ಗಾಡಿಯಲ್ಲಿ ಒಂದು ಮಗುವನ್ನು ಕಳೆದುಕೊಂಡವಳು. ಇವರು ಹುಟ್ಟುವ ಮೊದಲಿನ ಮಾತು. ಹುಬ್ಬಳ್ಳಿಯಿಂದ ಬರುವಾಗ ಜಂಕ್ಷನ್ನಿನಲ್ಲಿ ನೀರಿಗೆಂದು ಇಳಿದಿದ್ದಾಳೆ, ತಿರುಗಿ ಬಂದು ನೋಡಿದರೆ ಡಬ್ಬಿಯಲ್ಲಿ ಕೂರಿಸಿ ಹೋಗಿದ್ದ ಮಗಳು ಅನ್ನವ್ವ ಇಲ್ಲ. ನನ್ನ ಬಾಣಂತನದಲ್ಲಿ ತಲೆಗೆ ಎಣ್ಣೆ ತಿಕ್ಕುತ್ತ ಒಮ್ಮೆ ಹೇಳಿದ್ದಳು, ಮಗನಿಗೆ ಹೇಳಬಾರದೆಂದು ಆಣೆಯನ್ನೂ ಹಾಕಿದ್ದಳು. ಮಗುವನ್ನು ಯಾರೋ ಕದ್ದರೆಂದೇ ಅವಳ ನಂಬಿಕೆ. ದಿನಾ ದೀಪ ಹಚ್ಚುವಾಗ ಆ ಕಳ್ಳನ ವಂಶಕ್ಕೆ ಶಾಪ ಹಾಕುತ್ತಾಳೆ. ಮುದುಕಿಯನ್ನು ಇಷ್ಟು ವರ್ಷ ಬದುಕಿಸಿದ್ದು ಆ ಶಾಪವೇ. ಅದಕ್ಕೆ ಯಾರ ಕೈಯೂ ತಾಗಬಾರದೆಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು.

ತಾಯಿ ಮಗನ ಜಗಳ ಹೆಂಗಸರ ಡಬ್ಬಿಯದು. ಅದು ಇಂಜಿನ್ನಿನಿಂದ ಎರಡನೆಯದು ಎಂದು ಅತ್ತೆ. ಬಾದಾಮಿಯಲ್ಲಿ ತೆಗೆದ ಹಳೇ ಫೋಟೋದಲ್ಲಿ ಹಿಂದುಗಡೆ, ಗಾರ್ಡಿನ ಹತ್ತಿರ ಇದೆಯೆಂದು ಇವರು.

"ನಾ ನೇಕಾರ್ತಿ ಅದೀನಿ, ನನ್ನ ಎಣಿಕಿ ತಪ್ಪತೈತೇನು? ಸೀರಿ ಸೆರಗಿನಿಂದ, ಗಾಡಿ ಇಂಜಿನ್ನಿಂದ" ಎಂದು ಅತ್ತೆ ರೇಗುತ್ತಿದ್ದಳು.

"ಅತ್ತಿನ ಕಾಡಬ್ಯಾಡ್ರಿ. ನಿಮ್ಮ ಗಾಡಿಗೆ ಯಾರೂ ಟಿಕೇಟ್ ತಗಿಸೂದಿಲ್ಲ" ಎಂದೆ ನಾನು. ಇವರು ನಕ್ಕರು.

ಅತ್ತೆಯ ಊಟ ಕಡಿಮೆಯಾಯಿತು. ಇವರು ಮನೆಯಲ್ಲಿ ಹಾಸಿದ್ದ ಹಳಿಯ ಪಕ್ಕದಲ್ಲೇ ಕೂತು ಡಬ್ಬಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು. ಒಂದು ಮುಂಜಾನೆ ದೀಪ ಹಚ್ಚಿದವಳು ಶಾಪ ಹಾಕುವುದನ್ನೇ ಮರೆತಳು.

ಅದೇ ವಾರ ಮುತ್ತಣ್ಣ ಎಂಬ ಹಳೇ ಗಾರ್ಡು ಫೋನು ಮಾಡಿದರು. ಇವರು ಫೋನಿಟ್ಟು ಹುಡುಗರ ಹಾಗೆ ಕುಣಿದರು.

"ಯವ್ವಾ, ನೀನೂ ಖರೆ, ಫೋಟೋನೂ ಖರೆ! ಜಂಕ್ಷನ್ದಾಗ ಇಂಜಿನ್ ಬಿಚ್ಚಿ ಹಿಂದಿನ ತುದಿಗೆ ಹಚ್ಚತಿದ್ರಂತ. ಅಲ್ಲಿಂದ ಗಾಡಿ ಹಿಂದಮುಂದಾಗಿ ಹೋಗತಿತ್ತು. ಡಬ್ಬಿ ಇದ್ದಲ್ಲೇ ಇದ್ದುವು, ಇಂಜಿನ್ ಅಷ್ಟ ಜಾಗಾ ಬದಲಿ ಮಾಡತಿತ್ತು."

ನನಗೆ ಆಗಲೇ ತಿಳಿದುಹೋಯಿತು. "ಸಾಕ್ರಿ, ಚಾ ಆರಾಕತ್ತೈತಿ, ಏಳ್ರಿ" ಎಂದು ಇವರ ರಟ್ಟೆ ಹಿಡಿದು ಎಳೆದೆ. ಇವರು ಕೊಸರಿಕೊಂಡು ಇಂಜಿನ್ನನ್ನು ಎತ್ತಿ ಆಚೆ ತುದಿಗೆ ಜೋಡಿಸಿಯೇಬಿಟ್ಟರು.

ಅತ್ತೆ ಹೊಸ ತುದಿಯಿಂದ ಎಣಿಸಿದಳು. ಬೆರಳು ಎರಡನೆಯ ಡಬ್ಬಿಯ ಮೇಲೆ ನಿಂತಿತು. ಅದು ಹೆಂಗಸರ ಡಬ್ಬಿಯಲ್ಲ.

"ನೀರು ತಗೊಂಡು ಇದನ್ನ ಹತ್ತಿದ್ನಿ" ಎಂದಳು. "ಬೋರ್ಡ್ ಓದಾಕ ಬರತಿದ್ದಿಲ್ಲ. ಗದ್ದಲದಾಗ ಬರೇ ಕೂಸಿನ್ನ ಹುಡುಕಿದ್ನಿ. ಇಲ್ಲಂತ ಇಳದು ಫಲಾಟದ ಮ್ಯಾಲೆ ಒದರಾಕತ್ತಿದ್ದೆ. ಗಾಡಿ ಹೋತು."

"ಯಾವ ಕೂಸು ಯವ್ವಾ?"

ಬೆರಳು ನಿಧಾನವಾಗಿ ಡಬ್ಬಿಗಳನ್ನು ದಾಟಿ ಕೊನೆಯ ಕಡೆಗೆ ಸರಿಯಿತು. "ನಿನ್ನ ಅಕ್ಕ. ಇದರಾಗ ಕುಂತಿದ್ದಳು. ನಾ ಬರೂತನಾ ಎಲ್ಲೂ ಏಳಬ್ಯಾಡ ಅಂತ ನಾನ ಹೇಳಿ ಹೋಗಿದ್ದೆ."

ಇವರು ನನ್ನತ್ತ ನೋಡಿದರು. ನನಗೆ ಇವರ ಮೇಲೆ ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ, ಇವರನ್ನು ಕಂಡು ಹುಟ್ಟಿದಷ್ಟು ಮರುಕವೂ.

ಅತ್ತೆ ಮಗನ ಕೈ ಹಿಡಿದಳು. "ಮುಂದಿನ ಠೇಸನ್ ಯಾವ್ದೋ, ಸಂಜ್ಯಾ?"

"ಯವ್ವಾ, ಬಿಡ..."

"ನಿನಗ ಎಲ್ಲಾ ಗೊತ್ತೈತಲ್ಲ. ಹೇಳ."

"ಹೊಳೆಆಲೂರು" ಎಂದರು.

"ಮುಂದ?"

"ಬಾದಾಮಿ."

"ಮುಂದ?"

"ಬಾಗಲಕೋಟಿ. ಗಾಡಿ ಅಲ್ಲಿಗೆ ಮುಗೀತೈತಿ ಯವ್ವಾ."

"ಮುಂದ?" ಎಂದಳು ಅತ್ತೆ, ಕೈ ಬಿಡದೆ.