ಏಳನೆಯ ಸಲ ಕಳಿಸಿದ ಸಾಲು

ಕಲಿಪಾ ಲ್ಯಾಪ್‌ಟಾಪಿಗೆ ಕೈಹಾಕಿದಳು. ಬುರುಲ್ಚಾ ಅದನ್ನು ತೊಡೆಯ ಮೇಲೆ ಒತ್ತಿ ಹಿಡಿದು ಅದರ ಮೇಲೆ ಕಪ್ಪು ಶಾಲು ಎಳೆದುಕೊಂಡಳು.

“ಗಂಡನ ಹೆಣ ಪರದೆಯಾಚೆ ಮಲಗಿದೆ, ನಿಂಗೆ ಇದು ಬೇಕಾ?”

“ಅವರದೇ ಕೆಲ್ಸ ಅತ್ತಿಗೆ. ಮಣ್ಣಾಗೋದ್ರೊಳಗೆ ಕಳಿಸ್ತೀನಿ ಅಂತ ಮಾತು ಕೊಟ್ಟಿದೀನಿ.”

“ನಮ್ಮಮ್ಮನ ದನಿ ನುಂಗಿದ ಯಂತ್ರ ಅದು. ಮುಚ್ಚಿಡು, ಮಾನ ಕಳೀಬೇಡ.”

ಅಂಗಳದಲ್ಲಿ ಹೂಡಿದ್ದ ಉಣ್ಣೆಗುಡಾರದೊಳಗೆ ಹೆಂಗಸರು ಗೋಡೆಗೆ ಮುಖಮಾಡಿ ಕುಳಿತಿದ್ದರು. ಹೊರಗೆ ಗಂಡಸರು ಕೋಲೂರಿ ನಿಂತು, ನೆಂಟರು ಬಂದಾಗಲೆಲ್ಲ ಗೊಳೋ ಎನ್ನುತ್ತಿದ್ದರು. ಅತ್-ಬಾಶಿ ಎಂಬ ಆ ಊರಿನಲ್ಲಿ ಸತ್ತವರನ್ನು ಅವರ ಗುಣ ಹಾಡದೆ ಕಳಿಸುವುದಿಲ್ಲ. ಎಸೆನ್‌ಕುಲ್ ಬಗ್ಗೆ ಹೆಂಡತಿ ಬುರುಲ್ಚಾ ಏನು ಹಾಡಬೇಕೆಂದು ಅವನ ಅಕ್ಕ ಕಲಿಪಾ ಬೆಳಿಗ್ಗೆಯೇ ತೀರ್ಮಾನಿಸಿದ್ದಳು: ಕುದುರೆ, ಔದಾರ್ಯ, ವಂಶ. ಪಾಪ, ಎಸೆನ್‌ಕುಲ್ ಕುದುರೆ ಕಂಡರೆ ನಾಲ್ಕು ಹೆಜ್ಜೆ ದೂರ ನಿಲ್ಲುತ್ತಿದ್ದ ಮನುಷ್ಯ.

*

ಮ್ಯೂಸಿಯಮ್ಮಿನ ದಾಖಲೆ ನೋಡಿಕೊಳ್ಳುತ್ತಿದ್ದ ಅವನು ಹಳ್ಳಿಹಳ್ಳಿ ಸುತ್ತಿ ಮುದುಕಿಯರ ಗೋಳುಹಾಡು ಧ್ವನಿಮುದ್ರಿಸಿಟ್ಟಿದ್ದ. ಅದರಲ್ಲಿ ಆಮೇಲೆ ತೀರಿಕೊಂಡ ಅವನ ತಾಯಿಯದೂ ಇತ್ತು. ಒಂದು ದಿನ ಡಿಸ್ಕ್ ಕೆಟ್ಟಿತು. ಫೈಲುಗಳನ್ನು ಜೋಡಿಸಿಡುವ ತಂತ್ರಾಂಶದ ಕೈಪಿಡಿ ಹೇಳಿದಂತೆಯೇ ರಿಪೇರಿಯ ಆಜ್ಞೆ ಕೊಟ್ಟ. ಎಲ್ಲ ಅಳಿಸಿಹೋಯಿತು. ಅಂದಿನಿಂದ ಕಲಿಪಾ ತಮ್ಮನ ಹೊಸ್ತಿಲು ತುಳಿದಿರಲಿಲ್ಲ.

ಆ ತಂತ್ರಾಂಶ ಯಾರೊಬ್ಬರ ಸ್ವತ್ತೂ ಅಲ್ಲ. ಎಲ್ಲೆಲ್ಲಿಯವರೋ ಇಮೇಲಿನಲ್ಲಿ ತಿದ್ದುಪಡಿ ಕಳಿಸಿ ಕಟ್ಟುವಂಥದು. ಎಸೆನ್‌ಕುಲ್ ಕೈಪಿಡಿಗೆ ಒಂದೇ ಒಂದು ಸಾಲು ಸೇರಿಸಿ ಕಳಿಸಿದ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬುರುಲ್ಚಾ ಅದನ್ನು ತಿದ್ದಿಕೊಟ್ಟಿದ್ದಳು. ವಾಪಸ್ ಬಂತು: ಸಾಲಿನ ಮುಂದೆ ಬಿಟ್ಟ ಜಾಗ ಸರಿಯಿಲ್ಲ. ಮತ್ತೆ ಕಳಿಸಿದ: ಜೊತೆಗಿಟ್ಟ ವಿವರಣೆ ಉದ್ದವಾಯಿತು. ಐದನೆಯದಕ್ಕೆ ಉತ್ತರವೇ ಇಲ್ಲ. ಆರನೆಯದಕ್ಕೆ, ಇದು ಎಲ್ಲರಿಗೂ ಗೊತ್ತಿರುವ ಮಾತು ಎಂಬ ಉತ್ತರ.

“ಗೊತ್ತಿರೋರು ಕೈಪಿಡಿ ಯಾಕೆ ತೆಗೀತಾರೆ?” ಎಂದು ಎಸೆನ್‌ಕುಲ್ ಆಸ್ಪತ್ರೆಯ ಮಂಚದಲ್ಲೇ ಎದ್ದು ಕೂತಿದ್ದ. “ಏಳನೇದು ಬರಿ. ನಾನಿಲ್ದಿದ್ರೆ ನೀನು ಕಳ್ಸು. ಮೇಲೆ ಬರೆದೋನು ಅಂತ ನನ್ನ ಹೆಸ್ರು, ಕೆಳಗೆ ಕಳಿಸಿದೋಳು ಅಂತ ನಿಂದು. ಅಲ್ಲಿನ ಪದ್ಧತಿ ಹಾಗೇ.”

*

ನಾರಿನ್ ಪಟ್ಟಣದಿಂದ ನೆಂಟರು ಬಂದಿಳಿದರು. ಹೊರಗೆ ಗೋಳು ಎದ್ದಿತು. ಕಲಿಪಾ ಮೊಣಕೈಯಿಂದ ತಿವಿದಳು. “ಹಾಡು. ಕುದುರೆಯಿಂದ ಶುರುಮಾಡು.”

ಬುರುಲ್ಚಾಳಿಗೆ ಮೈ ಉರಿದುಹೋಯಿತು. ಗೋಡೆ ನೋಡುತ್ತಲೇ ದನಿ ಎತ್ತಿದಳು:

“ಕುದುರೆ ಏರದ ನನ್ನ ಗಂಡ
ಆರು ಸಲ ಕಳಿಸಿದ, ಆರು ಸಲವೂ ಒಪ್ಪಿದವರಿಲ್ಲ;
ಮುಚ್ಚಿದ ಬಾಗಿಲನ್ನೇ ಮತ್ತೆ ತಟ್ಟಿದ.
ತಾಯ ದನಿ ಕಳಕೊಂಡವನು ಬೇಡಿದ್ದು ಒಂದೇ ಸಾಲು:
ಈ ಆಜ್ಞೆ ಇದ್ದುದನ್ನೂ ಅಳಿಸೀತು,
ಮೊದಲು ನಕಲೊಂದ ತೆಗೆದಿಡು.”

ಹಿಂದೆ ಯಾರೋ ಕಿಸಕ್ಕೆಂದರು. ಕಲಿಪಾ ನಗಲಿಲ್ಲ.

“ಅಮ್ಮನಿಗೋಸ್ಕರನಾ? ಇಷ್ಟು ವರ್ಷ?”

“ಇನ್ನೊಬ್ರ ಅಮ್ಮನ ದನಿ ಹೋಗ್ಬಾರ್ದು ಅಂತ. ನೀವು ಮಾತಾಡ್ಸಿದ್ರೆ ತಾನೆ ಅವ್ರು ಹೇಳೋದು!”

ಕಲಿಪಾಳ ಕೈ ಮತ್ತೆ ಚಾಚಿತು. ಶಾಲನ್ನು ಕಿತ್ತು ಪಕ್ಕಕ್ಕೆಸೆದು, “ಕದ್ದು ಯಾಕೆ ಕಳಿಸ್ತೀಯ? ಎಲ್ರೂ ನೋಡ್ಲಿ” ಎಂದಳು.

ಬುರುಲ್ಚಾ ಗಂಡನ ಹೆಸರಿನ ಕೆಳಗೆ ತನ್ನ ಹೆಸರು ಬರೆದು ಕಳಿಸುವ ಗುಂಡಿ ಒತ್ತಿದಳು. ಅಷ್ಟರಲ್ಲಿ ಕಲಿಪಾ ಗೋಡೆಗೆ ತಿರುಗಿ, ಅಮ್ಮ ಹಾಡುತ್ತಿದ್ದ ರಾಗದಲ್ಲೇ ಎತ್ತಿಕೊಂಡಿದ್ದಳು: “ಮೊದಲು ನಕಲೊಂದ ತೆಗೆದಿಡು…” ಕಂಪ್ಯೂಟರನ್ನು ಮುಟ್ಟಿಯೂ ನೋಡದ ಮುದುಕಿಯರೆಲ್ಲ ತೊಡೆ ಬಡಿದುಕೊಂಡು ಅದನ್ನೇ ಹಾಡಿದರು, ಹೊರಗೆ ಕೋಲೂರಿ ನಿಂತ ಗಂಡಸರು ಇನ್ನೂ ಜೋರಾಗಿ ಅತ್ತರು.